ಹಿಂದಿನಿಂದ ತಳ್ಳುವ ಎಂಜಿನ್: ಎಚ್‌ಒ ಹಳಿಯಲ್ಲಿ ಘಾಟಿ ಹತ್ತಿಸಿದ ಬಗೆ

ಎಚ್‌ಒ (ಅಸಲಿಯ 87ನೇ ಒಂದರಷ್ಟು ಗಾತ್ರದ ಮಾದರಿ ರೈಲು) ಲೇಔಟಿನಲ್ಲಿ ಬ್ಯಾಂಕರ್, ಅಂದರೆ ಗಾಡಿಯನ್ನು ಹಿಂದಿನಿಂದ ತಳ್ಳುವ ಎಂಜಿನ್, ಓಡಿಸುವುದು ಆಗದ ಕೆಲಸ, ತಿರುವಿನಲ್ಲಿ ನಡುವಿನ ವ್ಯಾಗನ್ ಎದ್ದು ಹೊರಗೆ ಬೀಳುತ್ತದೆ ಎಂದವರೇ ಹೆಚ್ಚು. ಈಗ ನನ್ನಲ್ಲಿ ಇಪ್ಪತ್ತು ಬಾಕ್ಸ್‌ಎನ್ (ತೆರೆದ ಸರಕು ವ್ಯಾಗನ್), ಮುಂದೊಂದು ಹಿಂದೊಂದು ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್, ಎಲ್ಲೂ ತಡವರಿಸದೆ ಮೇಲೆ ಹೋಗುತ್ತವೆ. ಅನುಮಾನವಿದ್ದವರು ಬಂದು ನೋಡಬಹುದು.

ಮಾದರಿ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಹತ್ತುವ ಘಾಟಿ. ಅಲ್ಲಿ 50ಕ್ಕೆ 1 ಏರು, ನನ್ನ ಹಲಗೆಯಲ್ಲೂ ಅಷ್ಟೇ. 4 ಮೀಟರ್ ಓಟಕ್ಕೆ 80 ಮಿ.ಮೀ. ಎತ್ತರ ಸಿಗುತ್ತದೆ, ಕೆಳಗಿನ ಹಳಿ ದಾಟಲು ಸಾಕು. 16.5 ಮಿ.ಮೀ. ಹಳಿ ನಮ್ಮ ಬ್ರಾಡ್‌ಗೇಜಿಗೆ ಕಿರಿದು, 1:87ರಲ್ಲಿ 19.26 ಬೇಕು ಎಂದು ಗೇಜ್ ಮಡಿವಂತರು ಬೈಯಲಿ, ಅದರ ಗೊಡವೆ ನನಗಿಲ್ಲ.

ಕಾಗದದ ಮೇಲೆ ಶೇ 2ರ ಏರು. ತಿರುವಿನ ಎಳೆತ ಸೇರಿದಾಗ ಲೆಕ್ಕ ಬೇರೆ. 32ನ್ನು ಇಂಚಿನ ತ್ರಿಜ್ಯದಿಂದ ಭಾಗಿಸಿ, ಬಂದದ್ದನ್ನು ಏರಿಗೆ ಕೂಡಿಸಿ: 24 ಇಂಚಿಗೆ ಸುಮಾರು 1.3, ಒಟ್ಟು 3.3. 18 ಇಂಚಾದರೆ ಹತ್ತಿರ ಹತ್ತಿರ 4. ಒಂದೇ ಎಂಜಿನ್ ಹನ್ನೊಂದು ಹನ್ನೆರಡು ವ್ಯಾಗನ್‌ಗೇ ಚಕ್ರ ಸುತ್ತುತ್ತ ನಿಂತುಬಿಡುತ್ತಿತ್ತು. ಎರಡನ್ನೂ ಮುಂದೆ ಕಟ್ಟಿದರೆ ಎಳೆತವೆಲ್ಲ ಮೊದಲ ಕಪ್ಲರ್ (ಗಾಡಿಗಳನ್ನು ಜೋಡಿಸುವ ಕೊಂಡಿ) ಮೇಲೆ ಬಿದ್ದು, ಮುಂದಿನ ಹಗುರ ವ್ಯಾಗನ್‌ಗಳು ತಿರುವಿನ ಒಳಕ್ಕೆ ಮಗುಚುತ್ತಿದ್ದವು.

ಬ್ಯಾಂಕರ್‌ನ ಗುಟ್ಟಿರುವುದು ತೂಕ ಹಂಚುವುದರಲ್ಲಿ. 123 ಮಿ.ಮೀ. ಉದ್ದದ ಬಾಕ್ಸ್‌ಎನ್‌ಗೆ ಮಾದರಿ ರೈಲಿನವರ ಶಿಫಾರಸಿನ ತೂಕದ ಸೂತ್ರ ಹಾಕಿದರೆ 97 ಗ್ರಾಂ ಬರುತ್ತದೆ. ಎಳೆತ ಹೆಚ್ಚಿರುವ ಮುಂದಿನ ಐದಾರಕ್ಕೂ, ಒತ್ತಡ ಹೆಚ್ಚಿರುವ ಹಿಂದಿನ ಐದಾರಕ್ಕೂ 100 ಗ್ರಾಂ ತುಂಬಿದೆ. ನಡುವಿನವಕ್ಕೆ 75 ಸಾಕಾಯಿತು, ಅಲ್ಲಿ ಎಳೆತವೂ ಕಡಿಮೆ, ಒತ್ತಡವೂ ಕಡಿಮೆ. ಕಪ್ಲರ್ ಬಾಡಿಗೇ ಕೂತಿರಬೇಕು. ಬೋಗಿಗೆ (ವ್ಯಾಗನ್ ಅಡಿಯ ಚಕ್ರದ ಚೌಕಟ್ಟಿಗೆ) ಅಂಟಿದ್ದರೆ ತಳ್ಳುವಾಗ ಬೋಗಿ ಓರೆಯಾಗಿ ಹಳಿ ಬಿಡುವುದು ಖಂಡಿತ. ಕಪ್ಲರ್ ಪೆಟ್ಟಿಗೆಯೊಳಗೆ ಮಾಡಿದ ಇನ್ನೊಂದು ಸಣ್ಣ ಕೆಲಸ ಇಲ್ಲಿ ಬರೆಯುವುದಿಲ್ಲ.

ಎಂಜಿನ್‌ಗಳು ಓಡುವುದು ಡಿಸಿಸಿಯಲ್ಲಿ, ಅಂದರೆ ಹಳಿಯ ಮೂಲಕ ಪ್ರತಿ ಎಂಜಿನ್‌ಗೂ ಬೇರೆ ಡಿಜಿಟಲ್ ಆದೇಶ ಹೋಗುವ ವ್ಯವಸ್ಥೆಯಲ್ಲಿ. ವೇಗ ಹೊಂದಿಸಲು ಡಿಕೋಡರ್‌ನ (ಎಂಜಿನ್ ಒಳಗಿನ ನಿಯಂತ್ರಣ ಚಿಪ್) ಸಿವಿ, ಅಂದರೆ ಸೆಟ್ಟಿಂಗ್, 2, 6, 5: ಆರಂಭದ, ನಡುವಿನ, ಗರಿಷ್ಠ ವೇಗ. ಸಮತಟ್ಟು ಎರಡು ಮೀಟರಿಗೆ ಸ್ಟಾಪ್‌ವಾಚ್ ಹಿಡಿದು, ಬ್ಯಾಂಕರ್ ಒಂಟಿಯಾಗಿ ಓಡುವಾಗ ಕೂದಲೆಳೆಯಷ್ಟು ನಿಧಾನ ಇರುವಂತೆ ಕೂರಿಸಿ. ಎರಡರಲ್ಲೂ ಬ್ಯಾಕ್ ಇಎಂಎಫ್ (ಭಾರ ಬಿದ್ದರೂ ವೇಗ ಕಾಯ್ದುಕೊಳ್ಳುವ ಸೌಲಭ್ಯ) ಆಫ್ ಮಾಡಿ, ಇಲ್ಲದಿದ್ದರೆ ಒಂದು ಇನ್ನೊಂದರ ಮೇಲೆ ಜಗಳಕ್ಕೆ ನಿಲ್ಲುತ್ತದೆ. ಆಫ್ ಮಾಡಿದರೆ, ಏರಿನಲ್ಲಿ ಮುಂದಿನದು ತುಸು ಕುಗ್ಗಿದೊಡನೆ ಹಿಂದಿನದು ತಾನಾಗಿ ಹೆಗಲು ಕೊಡುತ್ತದೆ. ಎರಡೂ ಒಂದೇ ಆದೇಶಕ್ಕೆ ಓಡಲು ಸಿವಿ 19ರಲ್ಲಿ ಜೋಡಿಯ ವಿಳಾಸ: ಮುಂದಿನದಕ್ಕೆ 10, ಹಿಮ್ಮುಖ ನಿಂತ ಬ್ಯಾಂಕರಿಗೆ ಅದಕ್ಕೆ 128 ಕೂಡಿಸಿ 138.

ಖರ್ಚಿನ ಮಾತು. ಆರ್ಡುಯಿನೋ ಮೆಗಾ ಬೋರ್ಡ್, ಅದರ ಮೇಲೆ ಕೂರುವ ಮೋಟರ್ ಶೀಲ್ಡ್, ಇವಕ್ಕೆ ಡಿಸಿಸಿ-ಇಎಕ್ಸ್ ತಂತ್ರಾಂಶ ಹಾಕಿ ಕಮಾಂಡ್ ಸ್ಟೇಷನ್ (ಆದೇಶ ಕಳಿಸುವ ಪೆಟ್ಟಿಗೆ) ಮಾಡಿಕೊಂಡದ್ದಕ್ಕೆ ಎರಡು ಸಾವಿರ ಚಿಲ್ಲರೆ. ವಿದೇಶಿ ಕಮಾಂಡ್ ಸ್ಟೇಷನ್ ತರಿಸಿದ್ದರೆ ಸುಂಕವೂ ಸೇರಿ ಇಪ್ಪತ್ತು ಸಾವಿರಕ್ಕೆ ಕಡಿಮೆ ಇಲ್ಲ. ಶೀಲ್ಡ್‌ನಿಂದ ಮೆಗಾಕ್ಕೆ ವಿದ್ಯುತ್ ಒಯ್ಯುವ ವಿನ್ ಜಾಡು ಕತ್ತರಿಸಿಯೇ 15 ವೋಲ್ಟ್ ಕೊಡಿ, ಇಲ್ಲದಿದ್ದರೆ ಮೆಗಾದ ರೆಗ್ಯುಲೇಟರ್ ಕಾದು ಹೋಗುತ್ತದೆ. ಡಿಕೋಡರ್ ತಲಾ ಮೂರು ಸಾವಿರದ ಆಸುಪಾಸು, ಅಲ್ಲಿ ಜಿಪುಣತನ ನಡೆಯದು.

ನಡುವೆ ಒಂದು ಪ್ರಯೋಗ: ಹಳಿಗೆ 4ಬಿ ಪೆನ್ಸಿಲ್ ಉಜ್ಜಿದರೆ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಆದರೆ ಏರಿನಲ್ಲಿ ಹಿಡಿತ ಹೋಗುತ್ತದೆ. ಸಮತಟ್ಟಿಗಷ್ಟೇ ಉಳಿಸಿಕೊಂಡೆ. ಬ್ಯಾಲಸ್ಟ್‌ಗೆ (ಹಳಿಯಡಿಯ ಜಲ್ಲಿಗೆ) ಎಂ ಸ್ಯಾಂಡ್ ಜರಡಿ ಹಿಡಿದು 0.6ರಿಂದ 0.8 ಮಿ.ಮೀ. ಕಾಳನ್ನು ಆರಿಸಿ, ಮೇಲೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಚೂರು ಮೋಟರ್ ಸೇರಿದರೆ ಕಥೆ ಮುಗಿಯಿತು. ಅಂಟಿಸಲು ಫೆವಿಕಾಲ್‌ಗೆ ಎರಡರಷ್ಟು ನೀರು, ಒಂದು ತೊಟ್ಟು ಪಾತ್ರೆ ಸೋಪು.

ಇದರಿಂದ ಏನು ಸಿಕ್ಕಿತು ಎಂದರೆ, ಕಿವಿ. ಯಾವ ಎಂಜಿನ್ ಭಾರ ಹೊತ್ತಿದೆ, ಯಾವುದು ಸುಮ್ಮನೆ ಜೊತೆಗೆ ಬರುತ್ತಿದೆ ಎನ್ನುವುದು ಈಗ ಮೋಟರ್ ಸದ್ದಿನಲ್ಲೇ ತಿಳಿಯುತ್ತದೆ. ಬೆಸುಗೆ, ಮರಗೆಲಸ, ಲೆಕ್ಕ ಎಲ್ಲವೂ ಒಂದೇ ಹಲಗೆ ಮೇಲೆ ಕೂಡಿಬಂದು ಗಾಡಿ ಹತ್ತುವುದನ್ನು ನೋಡುವ ಸುಖಕ್ಕೆ ಆ ದುಡ್ಡು ಹೆಚ್ಚಲ್ಲ.

ಇನ್ನು ಇಳಿತ. ಹಿಂದಿನ ಭಾರ ನೂಕಿದಾಗ ವರ್ಮ್ ಗೇರಿನ (ಮೋಟರ್ ತಿರುಗಿಸುವ ತಿರುಪಿನಂಥ ಗೇರು) ಸಡಿಲದಿಂದ ಎಂಜಿನ್ ಜಗ್ಗಿ ಜಗ್ಗಿ ಇಳಿಯುತ್ತದೆ. ವರ್ಮ್‌ನ ಎರಡೂ ತುದಿಗೆ ತೆಳು ವಾಷರ್ ಹಾಕಿ ಆ ಸಡಿಲ ತೆಗೆಯಿರಿ, ಆದರೆ ಪೂರ್ತಿ ಬಿಗಿಯಾಗದಿರಲಿ, ಬಿಗಿಯಾದರೆ ಮೋಟರ್ ಬಿಸಿಯಾಗುತ್ತದೆ.