ಇಲಿಯ ಮಿದುಳಿನಲ್ಲಿ ಪ್ರೋಟಿಯೋಗ್ಲೈಕಾನ್ ಬಲೆ ತೋರಿಸುವ ಬಗೆ: ದಾವಣಗೆರೆ ಲ್ಯಾಬಿನ ನನ್ನ ಅನುಭವ

ಕಾಂಡ್ರಾಯ್ಟಿನ್ ಸಲ್ಫೇಟ್ ಪ್ರೋಟಿಯೋಗ್ಲೈಕಾನ್, ಅಂದರೆ ಉದ್ದ ಸಕ್ಕರೆ ಸರಪಳಿ ಹೊತ್ತ ಪ್ರೋಟೀನು, ಮಿದುಳಿನ ಕೋಶಗಳ ನಡುವೆ ಎಲ್ಲೆಡೆ ತೆಳುವಾಗಿ ಹರಡಿದೆ. ಕೆಲವು ನರಕೋಶಗಳ ಸುತ್ತ ಮಾತ್ರ ಹಯಲುರೋನಾನ್ (ಉದ್ದ ಸಕ್ಕರೆ ಸರಪಳಿ), ಅಗ್ರಿಕಾನ್ (ಇಂಥದೇ ಒಂದು ಪ್ರೋಟಿಯೋಗ್ಲೈಕಾನ್), ಟೆನಾಸಿನ್-ಆರ್ (ಅವನ್ನು ಬೆಸೆಯುವ ಪ್ರೋಟೀನು) ಸೇರಿ ದಟ್ಟ ಬಲೆ ಕಟ್ಟಿಕೊಳ್ಳುತ್ತವೆ. ಇಟಲಿಯ ವಿಜ್ಞಾನಿ ಗಾಲ್ಜಿ 1898ರಲ್ಲೇ ಇದನ್ನು ವರ್ಣಿಸಿದ್ದರು. ನಾನು ಹುಡುಕುವುದು ಈ ಬಲೆಯನ್ನೇ, ಅದರ ಸಕ್ಕರೆಗೆ ಅಂಟುವ ಲೆಕ್ಟಿನ್ ಎಂಬ ಪ್ರೋಟೀನಿನಿಂದ.

ಬಲೆ ಬೆಳೆಯಲು ವಯಸ್ಸು ಬೇಕು, ಮರಿ ಇಲಿ ಬೇಡ. ಎರಡು ತಿಂಗಳು ದಾಟಿದ ಇಲಿಯ ರಕ್ತನಾಳಗಳಿಗೆ ಶೇ 4 ಪ್ಯಾರಾಫಾರ್ಮಾಲ್ಡಿಹೈಡ್ (ಅಂಗಾಂಶ ಕೆಡದಂತೆ ಹಿಡಿದಿಡುವ ದ್ರಾವಣ) ಹಾಯಿಸಿ, ಮಿದುಳನ್ನು ಶೇ 30 ಸುಕ್ರೋಸ್‌ನಲ್ಲಿ ತಳಕ್ಕಿಳಿಯುವವರೆಗೆ ಬಿಟ್ಟು, 40 ಮೈಕ್ರಾನ್ ದಪ್ಪದ ಸೆಕ್ಷನ್ (ತೆಳು ಹೋಳು) ಕೊಯ್ಯುತ್ತೇನೆ. ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಕಿಣ್ವ ಅಡಗಿಸಲು ಶೇ 0.3 ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 30 ನಿಮಿಷ. ಆಮೇಲೆ ಬ್ಲಾಕಿಂಗ್, ಅಂದರೆ ಲೆಕ್ಟಿನ್ ಬೇಡದ ಕಡೆ ಅಂಟದಂತೆ ಮುಚ್ಚುವುದು. ಹೆಚ್ಚಿನವರು ತಪ್ಪುವುದು ಇಲ್ಲೇ: ಅಭ್ಯಾಸಬಲದಿಂದ ಸೀರಮ್ ಹಾಕುತ್ತಾರೆ. ಸೀರಮ್‌ನ ಸಕ್ಕರೆಯುಕ್ತ ಪ್ರೋಟೀನುಗಳೇ ಲೆಕ್ಟಿನ್ ಹಿಡಿದುಕೊಳ್ಳಬಹುದು. ಶೇ 2 ಬಿಎಸ್ಎ (ದನದ ರಕ್ತದ ಶುದ್ಧ ಆಲ್ಬ್ಯುಮಿನ್), ಶೇ 0.2 ಟ್ರೈಟಾನ್ (ಪೊರೆ ಸಡಿಲಿಸುವ ಡಿಟರ್ಜೆಂಟ್) ಸಾಕು.

ಬಯೋಟಿನ್ ಎಂಬ ಗುರುತು ಅಣು ಜೋಡಿಸಿದ, ವಿಸ್ಟೀರಿಯಾ ಬಳ್ಳಿಯ ಲೆಕ್ಟಿನ್ ಮಿಲಿಲೀಟರಿಗೆ 10 ಮೈಕ್ರೋಗ್ರಾಂನಂತೆ, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಬೇಸಿಗೆಯಲ್ಲಿ ಕರೆಂಟು ಹೋಗುವ ಭಯಕ್ಕೆ ಅಜೈಡ್ (ಕೆಡದಂತೆ ಕಾಯುವ ರಾಸಾಯನಿಕ) ಬೆರೆಸಬೇಡಿ. ಅದು ಉಳಿದರೆ ಮುಂದಿನ ಪೆರಾಕ್ಸಿಡೇಸ್ ಕೆಲಸ ಮಾಡದು. ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯೇ ಸುರಕ್ಷಿತ. ಮರುದಿನ ಮೂರು ಸಲ ತೊಳೆದು, ಬಯೋಟಿನ್ ಹಿಡಿಯುವ ಏವಿಡಿನ್-ಬಯೋಟಿನ್-ಪೆರಾಕ್ಸಿಡೇಸ್ ಒಂದು ಗಂಟೆ, ಕೊನೆಗೆ ಪೆರಾಕ್ಸಿಡೇಸ್ ಇದ್ದಲ್ಲಿ ಕಂದು ಬಣ್ಣ ಬಿಡುವ ಡಿಎಬಿ. ಅದಕ್ಕೆ ಗಡಿಯಾರ ನೋಡಬೇಡಿ, ಸೂಕ್ಷ್ಮದರ್ಶಕ ನೋಡಿ. ಗ್ಲೌಸ್ ಹಾಕಿಕೊಳ್ಳಿ. ನಮ್ಮಲ್ಲಿ ಬೋರ್‌ವೆಲ್ ನೀರು ಗಡಸು, ಸ್ಲೈಡ್ ಮೇಲೆ ಬಿಳಿ ಪೊರೆ ಬಿಡುತ್ತದೆ. ಕೊನೆಯ ತೊಳೆತ ಡಿಸ್ಟಿಲ್ಡ್ ವಾಟರಿನಲ್ಲೇ ಆಗಲಿ.

ಸ್ಪರ್ಶ ಕಾರ್ಟೆಕ್ಸಿನ 4ನೇ ಪದರದಲ್ಲಿ, ಮುಖ್ಯವಾಗಿ ಪಾರ್ವಾಲ್ಬ್ಯುಮಿನ್ ಪ್ರೋಟೀನಿರುವ ನರಕೋಶಗಳ ಸುತ್ತ, ಜೇನುಗೂಡಿನಂತೆ ಕಣ್ಣುಕಣ್ಣಾಗಿ ಬಲೆ ಎದ್ದು ಕಾಣುತ್ತದೆ. ಆ ಕಣ್ಣುಗಳು ಖಾಲಿಯಲ್ಲ, ಸಿನಾಪ್ಸ್ (ನರಕೋಶಗಳ ಸಂಧಿ) ಕೂಡುವ ಜಾಗ. ಹಿಪ್ಪೊಕ್ಯಾಂಪಸ್‌ನ ಸಿಎ2 ಭಾಗ, ಸೆರೆಬೆಲ್ಲಮ್ಮಿನ (ಕಿರುಮಿದುಳಿನ) ಆಳದ ನ್ಯೂಕ್ಲಿಯಸ್‌ಗಳು, ಮಿದುಳಕಾಂಡದ ಶ್ರವಣ ನ್ಯೂಕ್ಲಿಯಸ್‌ಗಳು ಕೂಡ ಸಮೃದ್ಧ. ಸೆರೆಬೆಲ್ಲಮ್ಮಿನದೇ ಪರ್ಕಿಂಜೆ ನರಕೋಶಕ್ಕೆ ಇಂಥ ಬಲೆಯಿಲ್ಲ. ಅದರ ಸುತ್ತಲೂ ದಟ್ಟ ಕಂದು ಬಂದರೆ ಡಿಎಬಿ ಹೆಚ್ಚು ಹೊತ್ತು ಇಟ್ಟಿರಬಹುದೆಂದು ಅನುಮಾನಿಸುತ್ತೇನೆ.

ಕಂಟ್ರೋಲ್ (ಹೋಲಿಕೆಯ ಸೆಕ್ಷನ್) ಇಲ್ಲದ ಸ್ಲೈಡ್ ನಾನು ಒಪ್ಪುವುದಿಲ್ಲ. ಪಕ್ಕದ ಸೆಕ್ಷನ್ ಒಂದನ್ನು ಲೆಕ್ಟಿನ್‌ಗೆ ಮೊದಲು ಪಿಎಚ್ 8ರ ಟ್ರಿಸ್ ಬಫರಿನಲ್ಲಿ, 37 ಡಿಗ್ರಿಯಲ್ಲಿ ಕಾಂಡ್ರಾಯ್ಟಿನ್ ಸಕ್ಕರೆ ಕತ್ತರಿಸುವ ಕಿಣ್ವ ಕಾಂಡ್ರಾಯ್ಟಿನೇಸ್ ಎಬಿಸಿಗೆ ಒಡ್ಡಿ. ಬಲೆ ಮಾಯವಾಗಬೇಕು. ಲೆಕ್ಟಿನ್ ಸಕ್ಕರೆಯನ್ನಷ್ಟೇ ಹಿಡಿಯುವುದರಿಂದ ಎಲ್ಲ ಬಲೆಗಳೂ ಅದಕ್ಕೆ ಸಿಗವು. ಹಾಗಾಗಿ ಎಣಿಕೆ ಮಾಡುವಾಗ ಅಗ್ರಿಕಾನ್ ಪ್ರೋಟೀನನ್ನೇ ಹಿಡಿಯುವ ಆಂಟಿಬಾಡಿಯನ್ನೂ ಜೊತೆಗಿಡುತ್ತೇನೆ.