ರಿಕೋ ಜಿಎಕ್ಸ್‌ಆರ್: ಬಾಡಿ ಒಂದೇ, ಸೆನ್ಸರ್ ಮೂರು

ಮಾಡ್ಯುಲರ್ ಕ್ಯಾಮೆರಾ, ಅಂದರೆ ಭಾಗಗಳನ್ನು ಬಿಡಿಸಿ ಬದಲಾಯಿಸಬಹುದಾದ ಕ್ಯಾಮೆರಾ, ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಬಾಡಿ ಹಾಗೇ ಇಟ್ಟುಕೊಂಡು ಮುಂದೆ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ) ಮಾತ್ರ ಬದಲಾಯಿಸಬಹುದಾ? 2009ರಲ್ಲಿ ರಿಕೋ ಜಿಎಕ್ಸ್‌ಆರ್ ಬಂದಾಗಲೂ ಆಸೆ ಅದೇ ಇತ್ತು. ನಾನು ಕೊಂಡಿದ್ದು ತುಂಬಾ ತಡವಾಗಿ, ಸೆಕೆಂಡ್ ಹ್ಯಾಂಡ್. ಆದರೆ ನನಗೆ ಹಿಡಿಸಿದ್ದು ಬೇರೆಯದೇ ಗುಣ.

ಇದರ ಬಾಡಿಯಲ್ಲಿ ಸೆನ್ಸರ್ರೇ ಇಲ್ಲ. ಸ್ಕ್ರೀನ್, ಬಟನ್, ಬ್ಯಾಟರಿ, ಫ್ಲ್ಯಾಶ್, ಅಷ್ಟೇ. ಲೆನ್ಸ್ ಮತ್ತು ಸೆನ್ಸರ್ ಎರಡೂ ಒಂದೇ ಮುಚ್ಚಿದ ಡಬ್ಬಿಯಲ್ಲಿವೆ, ಇದೇ ಮಾಡ್ಯೂಲ್. ಅದನ್ನು ಪಕ್ಕದಿಂದ ಜಾರಿಸಿದರೆ ಟಕ್ ಅಂತ ಕೂರುತ್ತದೆ. ಸೆನ್ಸರ್ ಗಾಳಿಗೆ ತೆರೆದುಕೊಳ್ಳೋದೇ ಇಲ್ಲ. ಹಾಗಾಗಿ ಜಾತ್ರೆಯ ಧೂಳಿನಲ್ಲಿ ನಿಂತು 24-72 ಎಂಎಂ ಜೂಮ್ ತೆಗೆದು 50 ಎಂಎಂ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯೋ ಲೆನ್ಸ್) ಹಾಕೋಕೆ ನಾನು ಯೋಚನೆಯೇ ಮಾಡಲ್ಲ, ಬೇರೆ ಕ್ಯಾಮೆರಾ ಆಗಿದ್ದರೆ ಬ್ಯಾಗಿನೊಳಗೆ ಕೈ ತೂರಿಸಿ ಒದ್ದಾಡಬೇಕಿತ್ತು. ಜೂಮ್‌ಗೆ ಚಿಕ್ಕ ಸೆನ್ಸರ್, ಮ್ಯಾಕ್ರೋಗೆ ದೊಡ್ಡ ಎಪಿಎಸ್-ಸಿ ಸೆನ್ಸರ್. ಆ ಮ್ಯಾಕ್ರೋದಲ್ಲಿ ಏಳು ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಸಿಗುತ್ತದೆ. ನಿಧಾನ ನಿಜ, ಆದರೆ ದಾಸವಾಳದ ಮೊಗ್ಗಿನ ಮೇಲೆ ಕೂತ ಇರುವೆಗೆ ಸಾಕು.

ನನ್ನ ಅಚ್ಚುಮೆಚ್ಚಿನದು 2011ರಲ್ಲಿ ಬಂದ ಲೈಕಾ ಎಂ ಮೌಂಟ್ ಮಾಡ್ಯೂಲ್, ಅಂದರೆ ಲೈಕಾ ಕಂಪನಿಯ ಎಂ ಕ್ಯಾಮೆರಾಗಳ ಲೆನ್ಸ್ ಕೂರಿಸಬಹುದಾದ ಮಾಡ್ಯೂಲ್. ಇದರಲ್ಲಿ ಲೆನ್ಸ್ ಇಲ್ಲ, ಬರೀ ಸೆನ್ಸರ್ ಮತ್ತು ಶಟರ್. ನಾನು ಅಡಾಪ್ಟರ್ ಇಟ್ಟು ಹಳೇ ಸೋವಿಯತ್ ಲೆನ್ಸ್ ಜ್ಯೂಪಿಟರ್-8 ಹಾಕುತ್ತೇನೆ, 50 ಎಂಎಂ ಲೆನ್ಸ್ ಇಲ್ಲಿ 75 ಎಂಎಂ ಲೆನ್ಸಿನ ಹಾಗೆ ಇನ್ನೂ ಹತ್ತಿರ ತೋರಿಸುತ್ತದೆ. ಕೈಯಿಂದ ಫೋಕಸ್ ಮಾಡೋಕೆ ನೆರವಾಗುವ ಫೋಕಸ್ ಅಸಿಸ್ಟ್‌ನ ಎರಡನೇ ಮೋಡ್ ಹಾಕಿದರೆ ಚಿತ್ರದ ಬಣ್ಣವೆಲ್ಲ ಹೋಗಿ ಬರೀ ಅಂಚುಗಳು ಉಳಿಯುತ್ತವೆ. ರಿಂಗ್ ತಿರುಗಿಸುತ್ತಾ ಹೋದ ಹಾಗೆ ಕಣ್ಣಿನ ರೆಪ್ಪೆ ಥಟ್ಟನೆ ಹೊಳೆಯುತ್ತದೆ, ಆಗ ಕ್ಲಿಕ್. ಹಿಂಬದಿ ಜಾಸ್ತಿ ಚಾಚಿಕೊಂಡ ಲೆನ್ಸ್ ಒಳಗಿನ ಭಾಗಕ್ಕೆ ತಾಗಬಹುದು ಅಂತ ಅಳತೆ ನೋಡೋಕೆ ಒಂದು ಚೆಕ್ಕರ್ ಕೂಡ ಜೊತೆಗೇ ಕೊಟ್ಟಿದ್ದರು. ಎಂಥಾ ಕಾಳಜಿ ಅಲ್ವಾ!

ಇಷ್ಟಿದ್ದೂ ಜನ ಯಾಕೆ ಮುಗಿಬೀಳಲಿಲ್ಲ? ನನ್ನ ಪ್ರಕಾರ ಲೆಕ್ಕ ಸರಳ. ಪ್ರತಿ ಲೆನ್ಸ್ ಜೊತೆ ಇನ್ನೊಂದು ಸೆನ್ಸರ್‌ಗೂ ದುಡ್ಡು ಕೊಡಬೇಕು. 2012ರಲ್ಲಿ 16 ಮೆಗಾಪಿಕ್ಸೆಲ್‌ನ 24-85 ಜೂಮ್ ಬಂತು, ಆದರೆ ಹೊಸ ಸೆನ್ಸರ್ ಬೇಕು ಅಂದರೆ ಆ ಜೂಮನ್ನೇ ಕೊಳ್ಳಬೇಕು, ನಮ್ಮ ಹಳೇ 50 ಎಂಎಂ ಹಳೇ ಸೆನ್ಸರ್‌ನಲ್ಲೇ ಉಳಿಯಿತು. ಬಾಡಿಯ ಹೊಸ ಆವೃತ್ತಿ ಬರಲೇ ಇಲ್ಲ. 2013ರಲ್ಲಿ ರಿಕೋ ಜಿಆರ್ ತಂದಿತು, ಎಪಿಎಸ್-ಸಿ ಸೆನ್ಸರ್, ಒಂದೇ ಲೆನ್ಸ್, ಜೇಬಿಗೆ ಹಿಡಿಸುವ ಕ್ಯಾಮೆರಾ. ಜನಕ್ಕೆ ಅದು ಸುಲಭವಾಗಿ ಅರ್ಥವಾಯಿತು.

ಈಗ ಕೊಳ್ಳೋದಾದರೆ ಎಂ ಮೌಂಟ್ ಇಲ್ಲವೇ 50 ಎಂಎಂ ಮ್ಯಾಕ್ರೋ ಇರುವ ಸೆಟ್ಟನ್ನೇ ಹುಡುಕಿ. ಮಾಡ್ಯೂಲ್ ಹಾಕಿ ತೆಗೆದು, ಕನೆಕ್ಟರ್ ಸರಿಯಾಗಿ ಹಿಡಿಯುತ್ತದಾ ನೋಡಿ, ಇದರ ಡಿಬಿ-90 ಬ್ಯಾಟರಿ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದಾ ಅಂತ ಕೇಳಿಯೇ ದುಡ್ಡು ಕೊಡಿ.