ಹೈವೇ 50: ನೆವಾಡಾದ ಖಾಲಿ ದಾರಿಗೆ ಹೊರಡುವ ಹೊಸಬರಿಗೆ

ಅಮೆರಿಕಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಎಲ್ಲರ ಪಟ್ಟಿಯೂ ಒಂದೇ: ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್, ವೇಗಸ್. ನೋಡಿ ಬನ್ನಿ, ತಪ್ಪೇನಿಲ್ಲ. ಆದರೆ ಊರಿಂದ ಅಪ್ಪ-ಅಮ್ಮ ಬಂದಾಗ ಸ್ವಲ್ಪ ಲೆಕ್ಕ ಹಾಕಿ. 2026ರ ಜನವರಿಯಿಂದ ಈ ಮೊದಲೆರಡೂ ಸೇರಿದಂತೆ 11 ದೊಡ್ಡ ಪಾರ್ಕ್‌ಗಳಲ್ಲಿ, ಈ ದೇಶದ ನಿವಾಸಿಗಳಲ್ಲದವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ನೆವಾಡಾದ ಪೂರ್ವದ ಅಂಚಿನಲ್ಲಿರುವ ಗ್ರೇಟ್ ಬೇಸಿನ್ ನ್ಯಾಷನಲ್ ಪಾರ್ಕ್ ಆ ಪಟ್ಟಿಯಲ್ಲಿಲ್ಲ, ಅಲ್ಲಿ ಪ್ರವೇಶ ಶುಲ್ಕವೂ ಇಲ್ಲ. ಒಳಗಿನ ಲೀಮನ್ ಗುಹೆಗೆ ಮತ್ತು ಕ್ಯಾಂಪ್ ಜಾಗಕ್ಕೆ ಮಾತ್ರ ದುಡ್ಡು.

ಅಲ್ಲಿಗೆ ಹೋಗುವ ದಾರಿಯೇ ಅರ್ಧ ಪ್ರವಾಸ. 1986ರಲ್ಲಿ ಲೈಫ್ ಪತ್ರಿಕೆ ನೆವಾಡಾದ ಯುಎಸ್ 50 ಹೆದ್ದಾರಿಯನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆದು, ಅಲ್ಲಿ ನೋಡುವಂಥದ್ದೇನೂ ಇಲ್ಲ ಎಂಬರ್ಥದಲ್ಲಿ ಬರೆಯಿತು. ರಾಜ್ಯದವರು ಸಿಟ್ಟಾಗುವ ಬದಲು ಅದನ್ನೇ ಜಾಹೀರಾತು ಮಾಡಿಕೊಂಡರು. ಊರೂರಲ್ಲಿ ಮುದ್ರೆ ಹಾಕಿಸಿಕೊಳ್ಳುವ ‘ಸರ್ವೈವಲ್ ಗೈಡ್’ ಪುಸ್ತಿಕೆ ಈಗಲೂ ಸಿಗುತ್ತದೆ. ಮಕ್ಕಳಿದ್ದರೆ ಮೊದಲ ಊರಲ್ಲೇ ಕೇಳಿ ಇಸ್ಕೊಳ್ಳಿ. ಹಿಂದಿನ ಸೀಟಿನ ‘ಇನ್ನೂ ಎಷ್ಟು ದೂರ’ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಹೊರಟರೆ, ಇದೇ ಹೆದ್ದಾರಿಯ ಮೇಲಿರುವ ನೆವಾಡಾದ ಫಾಲನ್ ಊರಿಗೆ ಸುಮಾರು 5 ಗಂಟೆ. ಶುಕ್ರವಾರ ಸಂಜೆ ಹೊರಟಿರೋ, ಸ್ಯಾಕ್ರಮೆಂಟೊ ದಾಟುವಷ್ಟರಲ್ಲೇ ಇನ್ನೊಂದೂವರೆ ಗಂಟೆ ಹೋಗಿರುತ್ತದೆ. ಮೊದಲ ರಾತ್ರಿ ಫಾಲನ್‌ನಲ್ಲಿ ಉಳಿಯಿರಿ. ಅಲ್ಲಿಂದ ಆಸ್ಟಿನ್ 110 ಮೈಲಿ, ಆಸ್ಟಿನ್‌ನಿಂದ ಯುರೇಕಾ 70, ಯುರೇಕಾದಿಂದ ಈಲಿ 77, ಈಲಿಯಿಂದ ಪಾರ್ಕ್ ಬಾಗಿಲಿನ ಬೇಕರ್ ಹಳ್ಳಿ ಸುಮಾರು 62. ಮೂರು ದಿನದ ಲಾಂಗ್ ವೀಕೆಂಡ್‌ನಲ್ಲಿ ಇದನ್ನು ತುರುಕಬೇಡಿ, ಬರೀ ಡ್ರೈವಿಂಗ್ ಆಗುತ್ತದೆ. 4 ರಾತ್ರಿ, 5 ದಿನ ಇಟ್ಟುಕೊಂಡರೆ ಹದ.

ಗ್ಯಾಸ್ (ಇಲ್ಲಿ ಪೆಟ್ರೋಲ್‌ಗೆ ಹೇಳುವುದೇ ಹಾಗೆ) ವಿಷಯದಲ್ಲಿ ನಿಯಮ ಒಂದೇ: ಅರ್ಧ ಟ್ಯಾಂಕ್ ಆದಾಗಲ್ಲ, ಊರು ಸಿಕ್ಕಾಗಲೆಲ್ಲ ತುಂಬಿಸಿ. ಚಿಕ್ಕ ಊರುಗಳಲ್ಲಿ ಒಂದೋ ಎರಡೋ ಬಂಕ್, ದರ ಹೆಚ್ಚು. ಚೌಕಾಸಿ ಮಾಡುವ ಜಾಗವಲ್ಲ. ಬೇಕರ್ ದಾಟಿ ಯೂಟಾದ ಡೆಲ್ಟಾ ಕಡೆಗೆ ಮುಂದುವರಿಯುವವರಿಗೆ ಗಡಿಯಿಂದಾಚೆ 80 ಮೈಲಿಗೂ ಮೇಲೆ ಏನೂ ಸಿಗದು. ಯೂಟಾ ಕಡೆ ‘ರೆಗ್ಯುಲರ್’ ಅಂದರೆ 85 ಆಕ್ಟೇನ್ ಇರುತ್ತದೆ. ನಿಮ್ಮ ಕಾರಿನ ಮ್ಯಾನುಯಲ್ 87 ಅಂದರೆ ಪಕ್ಕದ ಬಟನ್ ಒತ್ತಿ. ಇವಿ ಇದ್ದವರು ನಕ್ಷೆಯಲ್ಲಿ ಚಾರ್ಜರ್ ಗುರುತು ಕಂಡರೆ ಸಾಕೆಂದುಕೊಳ್ಳಬೇಡಿ. ಅದು ಡಿಸಿ ಫಾಸ್ಟ್ ಚಾರ್ಜರ್ ಅಲ್ಲದಿದ್ದರೆ ಬ್ಯಾಟರಿ ತುಂಬಿಸುವ ಕೆಲಸ ಇಡೀ ರಾತ್ರಿಯದ್ದು.

ಹೊರಡುವ ಮುನ್ನ ಡಿಕ್ಕಿಯ ತಳದ ಹಲಗೆ ಎತ್ತಿ ನೋಡಿ. ಈಗಿನ ಅನೇಕ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ, ಒಂದು ಡಬ್ಬಿ ಸೀಲೆಂಟ್ ಮತ್ತು ಪುಟ್ಟ ಪಂಪ್ ಇರುತ್ತದೆ. ಮೊಳೆ ಚುಚ್ಚಿದರೆ ಸೀಲೆಂಟ್ ಸಾಕು. ಟೈರಿನ ಪಕ್ಕೆ ಹರಿದರೆ ಅದು ಪ್ರಯೋಜನಕ್ಕೆ ಬಾರದು. ಫೋನ್ ಸಿಗ್ನಲ್ ಊರಲ್ಲಿರುತ್ತದೆ, ಊರಿನ ಕೊನೆಯ ಮನೆ ದಾಟಿದರೆ ಇರುವುದಿಲ್ಲ. ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ, ತಲೆಗೆ ದಿನಕ್ಕೆ 1 ಗ್ಯಾಲನ್‌ನಂತೆ ನೀರಿಡಿ. ಬಾಡಿಗೆ ಕಾರಾದರೆ ಕರಾರನ್ನು ಓದಿ: ಸಾಮಾನ್ಯವಾಗಿ ಡಾಂಬರಿಲ್ಲದ ರಸ್ತೆಯಲ್ಲಿ ಆದ ಹಾನಿಗೆ ಇನ್ಶೂರೆನ್ಸ್ ಹೊರುವುದಿಲ್ಲ. ಆಸ್ಟಿನ್ ಹತ್ತಿರದ ಬಿಸಿನೀರಿನ ಬುಗ್ಗೆಗೂ, ಈಲಿಯ ದಕ್ಷಿಣಕ್ಕೆ 1870ರ ದಶಕದಲ್ಲಿ ಕಟ್ಟಿದ ಆರು ಇದ್ದಿಲು ಗೂಡುಗಳಿಗೂ ಮಣ್ಣುದಾರಿಯಲ್ಲೇ ಹೋಗಬೇಕು.

ರಸ್ತೆಯಲ್ಲಿ ದನ ನಮಗೆ ಹೊಸದಲ್ಲ. ಆದರೆ ಇಲ್ಲಿ ನೀವು 70 ಮೈಲಿ ವೇಗದಲ್ಲಿರುತ್ತೀರಿ, ದನವೋ ಕಪ್ಪು, ರಾತ್ರಿಯೋ ಕಗ್ಗತ್ತಲು. ಬೇಲಿಯಿಲ್ಲದ ಬಯಲು ಎಂದು ಸೂಚಿಸುವ ‘ಓಪನ್ ರೇಂಜ್’ ಬೋರ್ಡ್ ಇರುವಲ್ಲಿ ದನಕ್ಕೆ ಗುದ್ದಿದರೆ ಅದರ ಒಡೆಯನನ್ನು ಕೇಳುವಂತಿಲ್ಲ, ಹೊರೆ ನಿಮ್ಮ ತಲೆಗೇ ಬರಬಹುದು. ಸೂರ್ಯ ಮುಳುಗುವುದರೊಳಗೆ ಊರು ಸೇರುವಂತೆ ದಿನ ಯೋಜಿಸಿ.

ಇನ್ನು ನಿಲ್ಲುವ ಜಾಗಗಳು. ಫಾಲನ್‌ನಿಂದ ಸುಮಾರು 25 ಮೈಲಿಗೆ ಸ್ಯಾಂಡ್ ಮೌಂಟನ್, ಸುಮಾರು 600 ಅಡಿ ಎತ್ತರದ ಒಂಟಿ ಮರಳುಗುಡ್ಡ. ಮರಳು ಚೆನ್ನಾಗಿ ಒಣಗಿದ್ದು, ಇಳಿಜಾರಿನಲ್ಲಿ ಜಾರಿದರೆ ಗುಡ್ಡ ಗುಂಯ್ ಎಂದು ಮೊರೆಯುತ್ತದೆ. ಹಿಂದಿನ ದಿನ ಮಳೆ ಬಂದಿದ್ದರೆ ಈ ಸಂಗೀತ ಮರೆತುಬಿಡಿ. ಸೆಡಾನ್ ಕಾರನ್ನು ಗಟ್ಟಿನೆಲದಲ್ಲೇ ನಿಲ್ಲಿಸಿ. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗಿಳಿಯುತ್ತದೆ. ಮುಂದಿನ ಮರಳು ತೋಡಿ, ಗಾಳಿ ಒಂದಿಷ್ಟು ಇಳಿಸಿ, ನಿಧಾನಕ್ಕೆ ಹೊರಬನ್ನಿ, ಆಮೇಲೆ ಗಾಳಿ ತುಂಬಿಸುವುದನ್ನು ಮರೆಯಬೇಡಿ.

ಆಸ್ಟಿನ್ 1862ರಲ್ಲಿ ಬೆಳ್ಳಿ ಸಿಕ್ಕಾಗ ಎದ್ದ ಊರು. ಯುರೇಕಾ ಬೆಳ್ಳಿ ಮತ್ತು ಸೀಸದ್ದು, ಈಲಿ ತಾಮ್ರದ್ದು. ಕೆಜಿಎಫ್ ನೋಡಿದವರಿಗೆ ಇವು ಬೇಗ ಅರ್ಥವಾಗುತ್ತವೆ: ಗಣಿಯ ಭರಾಟೆ ಇಳಿಯಿತು, ಬಹಳ ಜನ ಹೋದರು, ಕಟ್ಟಡ ಉಳಿಯಿತು. ಯುರೇಕಾದ 1880ರ ಆಪೆರಾ ಹೌಸ್ ಇವತ್ತಿಗೂ ಬಳಕೆಯಲ್ಲಿದೆ, ತೆರೆದಿದ್ದರೆ ಒಳಗೆ ಹೋಗಿ ನೋಡಿ. ಈಲಿಯ ನೆವಾಡಾ ನಾರ್ದರ್ನ್ ರೈಲ್ವೆಗೆ ಅರ್ಧ ದಿನ ಕೊಡಿ. ಮಾದರಿಗಳನ್ನು ಗಾಜಿನ ಹಿಂದಿಟ್ಟ ಮ್ಯೂಸಿಯಂ ಅಲ್ಲ ಅದು. ಹಬೆ ಎಂಜಿನ್ ಓಡುತ್ತದೆ, ರಿಪೇರಿ ಶೆಡ್‌ನಲ್ಲಿ ಎಣ್ಣೆ-ಮಸಿ ವಾಸನೆ ಇದೆ. ಆದರೆ ಪಾಳು ಗಣಿಯ ಬಾಯಿ ಕಂಡರೆ ಒಳಗೆ ಕಾಲಿಡಬೇಡಿ. ಕೊಳೆತ ಮರದ ಆಸರೆ, ಕತ್ತಲಲ್ಲಿ ಕಾಣದ ಆಳದ ಗುಂಡಿ, ಆಮ್ಲಜನಕವಿಲ್ಲದ ಗಾಳಿ, ಮೂರೂ ಒಟ್ಟಿಗಿರುತ್ತವೆ. ಅಂದ ಹಾಗೆ, ಸ್ಥಳೀಯರ ಬಾಯಲ್ಲಿ ರಾಜ್ಯದ ಹೆಸರು ‘ನೆವ್ಯಾಡ’. ಅಂಗಡಿಯಲ್ಲಿ ಹಾಗೆಂದು ನೋಡಿ, ಮಾತು ಸಲೀಸಾಗಿ ಹೊರಡುತ್ತದೆ.

ಪಾರ್ಕ್‌ನಲ್ಲಿ ಲೀಮನ್ ಗುಹೆಗೆ ರೇಂಜರ್ ಜೊತೆಗಷ್ಟೇ ಪ್ರವೇಶ. ಬೇಸಿಗೆಯಲ್ಲಿ ಸ್ಥಳದಲ್ಲೇ ಟಿಕೆಟ್ ಸಿಗುತ್ತದೆಂದು ನಂಬಿ ಹೋಗಬೇಡಿ, ರಿಕ್ರಿಯೇಷನ್.ಗೌ ತಾಣದಲ್ಲಿ 30 ದಿನ ಮುಂಚೆ ಬುಕ್ ಮಾಡಿ. ಗುಹೆ ದುರಸ್ತಿಗೆ ಮುಚ್ಚಿದೆಯೇ ಎಂದೂ ಅಲ್ಲೇ ನೋಡಿಕೊಳ್ಳಿ. ಒಳಗೆ ವರ್ಷವಿಡೀ 50 ಡಿಗ್ರಿ ಫ್ಯಾರನ್‌ಹೀಟ್, ಸ್ವೆಟರ್ ಬೇಕು. ಹಿಂದೆ ಬೇರೆ ಗುಹೆಗೆ ಹಾಕಿಕೊಂಡು ಹೋಗಿದ್ದ ಬೂಟು, ಬಟ್ಟೆ, ಕ್ಯಾಮೆರಾ ಇಲ್ಲಿಗೆ ಬೇಡ. ಬಾವಲಿಗಳನ್ನು ಕೊಲ್ಲುವ ಶಿಲೀಂಧ್ರ ಹೀಗೆಯೇ ಗುಹೆಯಿಂದ ಗುಹೆಗೆ ಸಾಗುತ್ತದೆ. ಬಾಗಿಲಲ್ಲಿ ಕೇಳುತ್ತಾರೆ, ನಿಜ ಹೇಳಿ.

ವೀಲರ್ ಪೀಕ್ ರಸ್ತೆ 12 ಮೈಲಿಯಲ್ಲಿ ಸುಮಾರು 10,000 ಅಡಿಗೆ ಏರುತ್ತದೆ. ಹಿಮದಿಂದಾಗಿ ಮೇಲ್ಭಾಗ ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ಕೊನೆಯವರೆಗೂ, ಕೆಲವು ವರ್ಷ ಜೂನ್‌ವರೆಗೂ ಮುಚ್ಚಿರುತ್ತದೆ. ರಸ್ತೆಯ ತುದಿಯಿಂದ ಬ್ರಿಸಲ್‌ಕೋನ್ ಪೈನ್ ಮರಗಳವರೆಗೆ ಹೋಗಿಬರಲು ಸುಮಾರು 2.8 ಮೈಲಿ ನಡಿಗೆ. ಸಾವಿರಾರು ವರ್ಷದ ಮರಗಳು ಅವು; 1964ರಲ್ಲಿ ಸಂಶೋಧನೆಗೆಂದು ಇಲ್ಲೇ ಕಡಿದ ಒಂದರಲ್ಲಿ 4,800ಕ್ಕೂ ಹೆಚ್ಚು ಉಂಗುರಗಳಿದ್ದವು. ದೂರ ಕಡಿಮೆಯಾದರೂ ಎತ್ತರ ಹೆಚ್ಚು. ಸಮುದ್ರಮಟ್ಟದಿಂದ ಬಂದ ಹಿರಿಯರನ್ನು ಮೊದಲ ದಿನವೇ ಮೇಲೆ ಕರೆದೊಯ್ಯಬೇಡಿ, ಈಲಿಯಲ್ಲಿ (6,400 ಅಡಿ) ಒಂದು ರಾತ್ರಿ ಮಲಗಲಿ. ತಲೆನೋವು, ವಾಕರಿಕೆ ಬಂದರೆ ಮದ್ದು ಒಂದೇ, ಕೆಳಗಿಳಿಯುವುದು. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು-ಸಿಡಿಲು ಸಾಮಾನ್ಯ, 12ರೊಳಗೆ ಇಳಿದುಬಿಡಿ.

ಇಲ್ಲಿಗೆ ಬಂದು ರಾತ್ರಿ ಬೇಗ ಮಲಗಿದರೆ ಬಂದದ್ದೇ ದಂಡ. ದಿನಾಂಕವನ್ನು ಪಂಚಾಂಗ ನೋಡಿಯೇ ಗೊತ್ತುಮಾಡಿ: ಅಮಾವಾಸ್ಯೆಯ ಆಸುಪಾಸಿನ ನಾಲ್ಕೈದು ದಿನ. ಆಕಾಶಗಂಗೆ ಬರಿಗಣ್ಣಿಗೆ ಮೋಡದಂತೆ ಕಾಣುತ್ತದೆ. ಕಣ್ಣು ಕತ್ತಲೆಗೆ ಒಗ್ಗಲು 20–30 ನಿಮಿಷ ಬೇಕು, ಒಮ್ಮೆ ಫೋನ್ ತೆರೆದರೆ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಕಾಗದ ಕಟ್ಟಿ.

ಊಟದ ಮಾತು. ಹೋಟೆಲಲ್ಲಿ ‘ವೆಜಿಟೇರಿಯನ್’ ಅಂದರೆ ಸಾಲದು; ಸೂಪಿಗೆ ಚಿಕನ್ ಸ್ಟಾಕ್ ಹಾಕಿದ್ದೀರಾ, ಬೀನ್ಸ್‌ಗೆ ಲಾರ್ಡ್ (ಹಂದಿ ಕೊಬ್ಬು) ಇದೆಯಾ ಎಂದು ಬಿಡಿಸಿ ಕೇಳಿ. ಸ್ಪೇನ್-ಫ್ರಾನ್ಸ್ ಗಡಿ ಮೂಲದ ಬಾಸ್ಕ್ ಜನರ ಊಟದ ಮನೆಗಳ ಬೀನ್ಸ್ ಸೂಪಿನಲ್ಲಿ ಮಾಂಸ ಇರುವುದೇ ಹೆಚ್ಚು. ಗ್ರಿಲ್ಡ್ ಚೀಸ್ ನಂಬಬಹುದು, ಪ್ಯಾನ್‌ಕೇಕ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಸಣ್ಣ ಊರಲ್ಲಿ ಅಡುಗೆಮನೆ ಬೇಗ ಮುಚ್ಚುತ್ತದೆ, ಆದ್ದರಿಂದ ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಾರಲ್ಲಿರಲಿ. ಈಲಿಯ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅಕ್ಕಿ ಅರ್ಧ ಗಂಟೆ ನೆನೆಸಿ, ನೀರು ಕಾಲು ಲೋಟ ಹೆಚ್ಚು ಹಾಕಿ. ತೊಗರಿಬೇಳೆಗೆ ಪ್ರೆಶರ್ ಕುಕ್ಕರ್ ಇಲ್ಲದೆ ಆಗದು. ಮೋಟೆಲ್ ಕೋಣೆಯಲ್ಲಿ ಒಗ್ಗರಣೆ ಮಾತ್ರ ಬೇಡ, ಸಾಸಿವೆ ಸಿಡಿಯುವ ಮೊದಲೇ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ. ಮನೆಯಲ್ಲೇ ಹಾಕಿದ ಒಗ್ಗರಣೆಯನ್ನು ಡಬ್ಬಿಯಲ್ಲಿ ತನ್ನಿ.

ಕಾಗದಪತ್ರ: 18 ದಾಟಿದ, ನಾಗರಿಕರಲ್ಲದ ಎಲ್ಲರೂ ನೋಂದಣಿ ದಾಖಲೆ ಜೊತೆಗಿಟ್ಟುಕೊಳ್ಳಬೇಕೆಂದು ಕಾನೂನಿದೆ; ವೀಸಾದ ಮೇಲಿರುವವರಿಗೆ ಐ-94 (ದೇಶದೊಳಗೆ ಬಂದದ್ದರ ದಾಖಲೆ) ಪ್ರಿಂಟ್ ಸಾಕು. ಅಪ್ಪ-ಅಮ್ಮನದೂ ಸೇರಿಸಿ. ಅವರ ವಿಸಿಟರ್ ಇನ್ಶೂರೆನ್ಸ್ ನಂಬರನ್ನು ಕಾಗದದಲ್ಲಿ ಬರೆದಿಡಿ, ಫೋನಿನಲ್ಲಲ್ಲ. ಈ ದಾರಿಯಲ್ಲಿ ಆಸ್ಪತ್ರೆ ಅಂತ ಇರುವುದು ಫಾಲನ್‌ನಲ್ಲಿ, ಆಮೇಲೆ ಈಲಿಯಲ್ಲಿ. ಬಿಪಿ, ಸಕ್ಕರೆ ಮಾತ್ರೆ ಎರಡು ದಿನದಷ್ಟು ಹೆಚ್ಚಿಗೆ ಇರಲಿ, ಚೀಲ ಡಿಕ್ಕಿಯಲ್ಲಿ ಬೇಡ, ಸೀಟಿನ ಪಕ್ಕದಲ್ಲಿರಲಿ.